ಬೆರಳು ಅಗಲಿಸಿದ ಬಡಿತ

ಹೋದ ತಿಂಗಳು ಶಿವಬಸವ ನಗರದ ಮಗಳ ಮನೆಗೆ ಹೋಗಿದ್ದೆ. ಮೂರು ತಿಂಗಳ ಮೊಮ್ಮಗಳಿಗೆ ಎರೆಯುವ ಸಂಭ್ರಮ. ಬೀಗಿತ್ತಿ ಕಾಲು ಚಾಚಿ ಕುಳಿತು ಕೂಸನ್ನು ಮಲಗಿಸಿಕೊಂಡಿದ್ದರು, ಒಲೆಯ ಮೇಲೆ ಸಣ್ಣ ಬಟ್ಟಲಲ್ಲಿ ಔಡಲೆಣ್ಣೆ ಬಿಸಿಯಾಗುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಪ್ಪಲಿ ಮೆಟ್ಟಿ ರಸ್ತೆಗೆ ಬಂದು ನಿಂತೆ. ಮಗಳು ಹಿಂದೆಯೇ ಬಂದಳು. "ಏನಾತಪ್ಪಾ?" ಅಂದಳು. "ಒಳಗ ಭಾಳ ಸೆಕಿ ಆತವ್ವ" ಅಂದೆ. ಬೆಳಗಾವಿಯ ಚಳಿಗಾಲದ ಬೆಳಗಿನಲ್ಲಿ ಎಂಥ ಸೆಕೆ? ಇಪ್ಪತ್ತೈದು ವರ್ಷದ ಮೇಲೂ ನಾನು ಅದೇ ಸುಳ್ಳಿನ ಮನುಷ್ಯ. ಅವಳಿಗೆ ಹೇಳದೆ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೊಟ್ಟೆನೋವು ಬಂದರೆ ಮೊದಲು ಅನ್ನುವ ಮಾತು, "ಬಟ್ಟಿ ಸರದೈತಿ." ಹೊಕ್ಕಳದ ಹಿಂದೆ ಒಂದು ನಾಡಿ ಬಡಿಯುತ್ತದೆ. ಭಾರ ಎತ್ತಿದರೆ, ಕಾಲು ಜಾರಿದರೆ ಅದು ಜಾಗ ಬಿಟ್ಟು ಮೇಲಕ್ಕೋ ಪಕ್ಕಕ್ಕೋ ಸರಿಯುತ್ತದೆ ಎಂದು ನಂಬಿಕೆ. ಅದನ್ನು ತಿಕ್ಕಿ ಮತ್ತೆ ಜಾಗಕ್ಕೆ ತರುವವರು ಊರಿಗೊಬ್ಬರು ಇರುತ್ತಾರೆ. ನಮ್ಮೂರು ಬೀಡಿಯಲ್ಲಿ ಅದು ನಮ್ಮ ಅಪ್ಪ. ಅಪ್ಪ ತೀರಿಕೊಂಡ ಮೇಲೆ ನಾನು. ಸಾಲಿ ಮಾಸ್ತರನಾಗಿ ಇದೆಲ್ಲ ಏನು ಎಂದು ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದರ ರುಚಿ ಹತ್ತಿತು. ಭಾನುವಾರ ಬೆಳಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಐದಾರು ಜನ ಖಾಲಿ ಹೊಟ್ಟೆಯಲ್ಲಿ ಕಾಯುತ್ತ ಕೂರುತ್ತಿದ್ದರು. ದೊಡ್ಡ ದೊಡ್ಡ ಗೌಡರು ಕೂಡ ಅಂಗಿ ಎತ್ತಿ ನನ್ನ ಮುಂದೆ ಅಂಗಾತ ಮಲಗುತ್ತಿದ್ದರು. ಪಾಠ ಹೇಳಿ ಸಿಗದ ಮರ್ಯಾದೆ ಎಣ್ಣೆ ಹಚ್ಚಿ ಸಿಗುತ್ತಿತ್ತು ಅಂದರೆ ತಪ್ಪಲ್ಲ.

ಅಪ್ಪ ಕಲಿಸಿದ್ದು ಹೀಗೆ. ರೋಗಿಯನ್ನು ಕಂಬಳಿಯ ಮೇಲೆ ಮಲಗಿಸಿ ಮೊಣಕಾಲು ಮಡಿಸಬೇಕು. ಬೆರಳ ತುದಿಗಳನ್ನು ಹೊಕ್ಕಳದ ಸುತ್ತ ಇಟ್ಟು ಬಡಿತ ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ಬಿಸಿ ಔಡಲೆಣ್ಣೆ ಹಚ್ಚಿ ಬದಿಗಳಿಂದ ನಡುವಿಗೆ ಒತ್ತುತ್ತ ಬರಬೇಕು. ಕೊನೆಗೆ ಹೊಕ್ಕಳದ ಮೇಲೆ ಹಿಟ್ಟಿನ ಹಣತೆ ಹಚ್ಚಿಟ್ಟು ತಂಬಿಗೆ ಬೋರಲು ಹಾಕಿದರೆ ಅದು ಗಪ್ಪನೆ ಹೊಟ್ಟೆಯನ್ನು ಎಳೆದು ಹಿಡಿಯುತ್ತದೆ. ಇಷ್ಟು ಕಲಿಸಿ ಅಪ್ಪ ಒಂದು ಮಾತು ಹೇಳಿದ್ದ. "ಬಡಿತ ಬೆರಳನ್ನ ಮ್ಯಾಲೆ ಎತ್ತಿದ್ರ ಅದು ಬಟ್ಟಿ. ಎರಡೂ ಕೈ ಬಾಜೂಕ ಇಟ್ಟಾಗ ಬೆರಳನ್ನ ಆಕಡೆ ಈಕಡೆ ಅಗಲಿಸಿದ್ರ ಅದು ನಮ್ಮ ಕೆಲಸ ಅಲ್ಲ. ಕೈ ತಗೀ, ಎಣ್ಣಿ ಹಚ್ಚಬ್ಯಾಡ." ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಹುಶಃ ಅವನಿಗೂ ಅವನ ಅಪ್ಪ ಅಷ್ಟೇ ಹೇಳಿದ್ದಿರಬೇಕು.

ನನ್ನ ಅವ್ವನಿಗೆ ಇಬ್ಬರು ಅಣ್ಣಂದಿರು. ದೊಡ್ಡವನು ಯಲ್ಲಪ್ಪ ಮಾವ, ಬೀಡಿಯಲ್ಲಿ ನಮ್ಮ ಓಣಿಯಲ್ಲೇ ಇದ್ದ, ಹೊಲ ಮತ್ತು ಹತ್ತಿಪ್ಪತ್ತು ಕುರಿ. ಸಣ್ಣವನು ಸಿದ್ದಪ್ಪ ಮಾವ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿ ಕಾಯ್ದು ನಿವೃತ್ತನಾಗಿ ಖಾನಾಪುರದ ಆಚೆ ಗುಂಜಿ ಎಂಬ ಊರಿನಲ್ಲೇ ಮನೆ ಮಾಡಿಕೊಂಡಿದ್ದ. ನನ್ನ ಸಾಲಿ ಗುಂಜಿಯಲ್ಲಿ. ಸೋಮವಾರದಿಂದ ಶನಿವಾರದವರೆಗೆ ಸಿದ್ದಪ್ಪ ಮಾವನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಹೀಗೆ ಐದು ವರ್ಷ. ಅವನ ಹೆಂಡತಿ ನೀಲವ್ವತ್ತಿ ನನಗೆ ಬುತ್ತಿ ಕಟ್ಟಿಕೊಡದ ದಿನ ಇರಲಿಲ್ಲ. ಅಣ್ಣತಮ್ಮ ಇಬ್ಬರೂ ಒಂದೇ ಅಚ್ಚು, ಸಣಕಲು ದೇಹ, ಅರವತ್ತರ ಮೇಲೆ ವಯಸ್ಸು, ಒಂದು ಬೀಡಿ ಆರುವ ಮೊದಲೇ ಅದರಿಂದ ಇನ್ನೊಂದು ಹಚ್ಚಿಕೊಳ್ಳುವ ಚಟ. ಯಲ್ಲಪ್ಪ ಮಾವನಿಗೆ ಬಿಪಿ ಇದೆ ಎಂದು ಯಾರೋ ಒಮ್ಮೆ ಹೇಳಿದ್ದರು. "ತೆಲಿ ತಿರಗತೈತಿ, ಅಷ್ಟ" ಎಂದು ಅವನು ಅದನ್ನು ಅಲ್ಲಿಗೇ ಬಿಟ್ಟಿದ್ದ.

ಅದು ಎರಡು ಸಾವಿರದ ಇಸವಿಯ ದೀಪಾವಳಿ ಕಳೆದ ಭಾನುವಾರ. ಯಲ್ಲಪ್ಪ ಮಾವ ಬೆಳಗ್ಗೆಯೇ ಬಂದ, ಜೊತೆಗೆ ಅವನ ಹೆಂಡತಿ ಗಂಗವ್ವತ್ತಿ. ನಾಲ್ಕು ದಿನದಿಂದ ಹೊಟ್ಟೆ ನೋವು, ಟೊಂಕದವರೆಗೆ ಹಿಡಿದುಕೊಳ್ಳುತ್ತದೆ ಅಂದಳು ಅತ್ತೆ. ಭತ್ತದ ಚೀಲ ಎತ್ತಿದ್ದನಂತೆ. ಕಟ್ಟೆಯ ಮೇಲೆ ಕೂತವರೆಲ್ಲ ಒಂದೇ ಬಾಯಿಂದ "ಬಟ್ಟೀನ ಸರದೈತಿ ಬಿಡ್ರಿ" ಅಂದರು. ಮಾವ ಮಲಗಿದ. ನಾನು ಬೆರಳಿಟ್ಟೆ. ಬಡಿತ ಹುಡುಕಬೇಕಾಗಿಯೇ ಇರಲಿಲ್ಲ, ಹೊಕ್ಕಳದ ಮೇಲೆ ಒಂದು ಬದನೇಕಾಯಿಯಷ್ಟು ದಪ್ಪದ್ದು ಕೈಗೆ ಸಿಕ್ಕಿತು. ಎರಡೂ ಕೈ ಬದಿಗಿಟ್ಟೆ. ಒಂದೊಂದು ಬಡಿತಕ್ಕೂ ನನ್ನ ಬೆರಳುಗಳು ಒಂದಕ್ಕೊಂದು ದೂರ ಸರಿದವು.

ನಾನು ಕೈ ತೆಗೆದೆ. ಅಪ್ಪನ ಮಾತು ನೆನಪಾಯಿತು, ನೆನಪಾಗಲಿಲ್ಲ ಎಂದು ಹೇಳಿದರೆ ನರಕಕ್ಕೆ ಹೋಗುತ್ತೇನೆ. "ಯಾಕೋ ಅಳಿಯಾ, ಏನಾತು?" ಅಂದ ಮಾವ. ಕಟ್ಟೆಯ ಮೇಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ಇದು ನನಗೆ ತಿಳಿಯದು, ದವಾಖಾನೆಗೆ ಹೋಗು ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಏನಿಲ್ಲ ಮಾವಾ, ಭಾಳ ಸರದೈತಿ, ಸ್ವಲ್ಪ ಜೋರ ತಿಕ್ಕಬೇಕಾಕ್ಕೈತಿ." ಎಣ್ಣೆ ತೆಗೆದುಕೊಂಡೆ. ತಿಕ್ಕಿದೆ. ಹಣತೆ ಇಟ್ಟು ತಂಬಿಗೆ ಹಾಕಿದೆ. ಎದ್ದು ಕೂತ ಮಾವ ಹಗುರಾಯಿತು ಅಂದ, ಚಹಾ ಕುಡಿದ, ಒಂದು ಬೀಡಿ ಸೇದಿ ಮನೆಗೆ ನಡೆದುಕೊಂಡೇ ಹೋದ. ನಾನು ಮುಂದಿನವನನ್ನು ಕರೆದೆ.

ಮಧ್ಯಾಹ್ನದ ಊಟಕ್ಕೆ ಕೂತಿದ್ದೆ, ಓಣಿಯಲ್ಲಿ ಗಂಗವ್ವತ್ತಿಯ ಕೂಗು ಕೇಳಿತು. ಓಡಿದೆ. ಮಾವ ಪಡಸಾಲೆಯಲ್ಲಿ ಬಿದ್ದಿದ್ದ. ಮೈಯೆಲ್ಲ ಬೆವರು, ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಖಾನಾಪುರಕ್ಕೆ, ಅಲ್ಲಿಂದ "ಇಲ್ಲಿ ಆಗೂದಿಲ್ಲ, ಬೆಳಗಾವಿಗೆ ಒಯ್ರಿ" ಎಂದು ಬೆಳಗಾವಿಗೆ. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. "ಅಳಿಯಾ, ಟೊಂಕ ಮುರೀತಲೋ" ಎಂದು ಒಮ್ಮೆ ಅಂದ, ಆಮೇಲೆ ನೀರು ಕೇಳಿದ. ದೊಡ್ಡ ದವಾಖಾನೆಯಲ್ಲಿ ಸ್ಕ್ಯಾನ್ ಮಷಿನ್ನಿನ ಕೆಳಗೆ ಮಲಗಿಸಿದಾಗ ಜೀವ ಇತ್ತು. ಸ್ಟ್ರೆಚರ್ ತಿರುಗಿಸಿ ಹೊರಗೆ ತರುವಷ್ಟರಲ್ಲಿ ಇರಲಿಲ್ಲ.

ಅಲ್ಲಿನ ಹಿರಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು. ಹೃದಯದಿಂದ ಕೆಳಗೆ ರಕ್ತ ಒಯ್ಯುವ ದೊಡ್ಡ ನಾಳ ಬೆನ್ನುಮೂಳೆಗೆ ಒತ್ತಿಕೊಂಡು ಹೊಟ್ಟೆಯಲ್ಲಿ ಇಳಿದು ಬರುತ್ತದೆ. ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುವ ಹಾಗೆ ಮಾವನ ನಾಳ ಉಬ್ಬಿ ಒಡೆದಿತ್ತು. "ಬೀಡಿ ಸೇದ್ತಿದ್ರೇನು?" ಕೇಳಿದರು. ಹೂಂ ಅಂದೆ. "ಬಿಪಿ?" ಹೂಂ ಅಂದೆ. "ಅಣ್ಣತಮ್ಮ ಎಷ್ಟ ಮಂದಿ?" ಒಬ್ಬ ತಮ್ಮ ಇದ್ದಾನೆ ಅಂದೆ.

"ಹಂಗಾರ ಅವರನ್ನ ಲಗೂ ಕರಕೊಂಡ ಬರ್ರಿ," ಅಂದರು. "ಇದು ನಿಮ್ಮೂರಿಂದಷ್ಟ ಅಲ್ಲ ಮಾಸ್ತರ, ಜಗತ್ತಿನ್ಯಾಗ ಎಲ್ಲಾ ಕಡೆ ಐತಿ. ಅರವತ್ತು ದಾಟಿದ ಗಂಡಸರು, ಅದರಾಗ ಸೇದವರು, ಬಿಪಿ ಇದ್ದವರು, ಮನ್ಯಾಗ ಅಪ್ಪಗೋ ಅಣ್ಣಗೋ ಆಗಿದ್ರ ಅವರು. ಹೆಣ್ಮಕ್ಕಳಿಗೆ ಕಡಿಮಿ, ಆದ್ರ ಇಲ್ಲಂತಲ್ಲ. ವರ್ಷಗಟ್ಟಲೆ ಒಳಗ ಬೆಳೀತೈತಿ, ಬಹಳ ಮಂದಿಗೆ ಗೊತ್ತ ಆಗೂದಿಲ್ಲ. ಒಡದ ಮ್ಯಾಲೆ ದವಾಖಾನಿ ಮುಟ್ಟವರ ಕಡಿಮಿ. ಬ್ಯಾರೆ ದೇಶದಾಗ ವಯಸ್ಸಾದ ಗಂಡಸರನ್ನೆಲ್ಲ ಕರದು ಒಮ್ಮೆ ಸ್ಕ್ಯಾನ್ ಮಾಡಿ ನೋಡೂಣು ಅನ್ನೂ ಮಾತ ನಡದೈತಿ. ನಮ್ಮಲ್ಲಿ ಎಷ್ಟ ಮಂದಿ ಹೋಗ್ತಾರ ಅಂತ ಎಣಿಸಿದವರೂ ಇಲ್ಲ. ಹೊಟ್ಟಿಬ್ಯಾನಿ ಬಂತು, ಹೋದ ಅಂತಾರ, ಮಣ್ಣ ಮಾಡ್ತಾರ."

ನಾನು ಕೇಳಿದೆ, "ಮುಂಜಾನಿ ಬಟ್ಟಿ ತಿಕ್ಕಿಸಿದ್ವಿರಿ ಸಾಹೇಬ್ರ. ಅದಕ್ಕ ಒಡೀತೇನ್ರಿ?" ಯಾರು ತಿಕ್ಕಿದರು ಎಂದು ಹೇಳಲಿಲ್ಲ. "ಹೇಳಾಕ ಬರೂದಿಲ್ಲ. ಇವತ್ತಲ್ಲ ನಾಳಿ ಅದು ಒಡಿಯೂದ ಇತ್ತು. ಆದ್ರ ತಿಕ್ಕಬಾರದಿತ್ತು," ಅಂದರು. ಆ "ಹೇಳಾಕ ಬರೂದಿಲ್ಲ" ಅನ್ನುವ ಮಾತನ್ನು ನಾನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದೆ. ಮುಂದಿನ ಮೂರು ತಿಂಗಳು ಅದನ್ನೇ ನಂಬಿಕೊಂಡು ಬದುಕಿದೆ.

ಮಣ್ಣು ಮಾಡುವ ದಿನ ಸಿದ್ದಪ್ಪ ಮಾವ ಗುಂಜಿಯಿಂದ ಬಂದ. ಯಾರೋ ಎಲ್ಲ ಹೇಳಿದ್ದರು. ಹೆಣದ ಮುಂದೆಯೇ ನನ್ನ ಅಂಗಿ ಹಿಡಿದು, "ಹೊಟ್ಟಿ ಹಿಚುಕಿ ನಮ್ಮಣ್ಣನ್ನ ಕೊಂದಿಯಲ್ಲೋ" ಅಂದ. ನಾನು ಡಾಕ್ಟರ ಮಾತು ಹೇಳಿದೆ. ನಾಳ, ಉಬ್ಬು, ಬೀಡಿ, ಮನೆತನದಲ್ಲಿ ಬರುವುದು ಎಲ್ಲ ಹೇಳಿ, "ನೀನೂ ತೋರಿಸ್ಕೋಬೇಕು ಮಾವಾ" ಅಂದೆ. ಅವನು ನನ್ನ ಮುಖ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ನೀ ಮಾಡಿದ್ದಕ್ಕ ರೋಗ ಅಂತ ಹೆಸರಿಡ್ತಿ? ನಿನ್ನ ಕೈ ಸೋಂಕದಿದ್ರ ನನಗೇನೂ ಆಗೂದಿಲ್ಲ." ಗಂಗವ್ವತ್ತಿ ಒಬ್ಬಳೇ ನಡುವೆ ಬಂದಳು. "ಹುಡುಗನ್ನ ಬಿಡೋ ಸಿದ್ದಪ್ಪಾ. ನಾನ ಕರಕೊಂಡ ಹೋಗಿದ್ದೆ. ಅಂವ ಏನ ಮಾಡ್ಯಾನು, ಹಣೀಬರ," ಅಂದಳು. ಗಂಡನನ್ನು ಕಳೆದುಕೊಂಡ ಹೆಂಗಸು ನನ್ನ ಪರ ಮಾತಾಡುತ್ತಿದ್ದಳು, ನಾನು ತಲೆ ತಗ್ಗಿಸಿ ಅದನ್ನು ಒಪ್ಪಿಕೊಂಡೆ.

ಗುಂಜಿಯಲ್ಲಿ ನನ್ನ ಹಾಸಿಗೆ ಮತ್ತು ಟ್ರಂಕು ಸಾಲಿಯ ಬಾಗಿಲಲ್ಲಿ ಬಂದು ಬಿದ್ದಿದ್ದವು. ಹೆಡ್‌ಮಾಸ್ತರರು ಸಾಮಾನಿನ ಕೋಣೆಯಲ್ಲಿ ಇರಲು ಬಿಟ್ಟರು. ಅಲ್ಲಿಂದ ಸ್ಟೇಶನ್ನಿನ ಪ್ಲಾಟ್‌ಫಾರ್ಮು ಕಾಣುತ್ತಿತ್ತು. ದಿನಾ ಸಂಜೆ ಸಿದ್ದಪ್ಪ ಮಾವ ಅಲ್ಲಿಗೆ ಬಂದು ಕೂರುತ್ತಿದ್ದ, ಬೀಡಿ ಹಚ್ಚುತ್ತಿದ್ದ, ಕೆಮ್ಮುತ್ತಿದ್ದ. ಅವನು ಒಂದೊಂದು ಸಲ ಕೆಮ್ಮಿದಾಗಲೂ ನಾನು ಕೈಯಲ್ಲಿನ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದೆ. ಅವನ ಒಳಗಿನ ಉಬ್ಬು ಎಷ್ಟು ದೊಡ್ಡದಾಗಿದೆಯೋ, ಯಾವಾಗ ಒಡೆಯುತ್ತದೋ, ಒಂದು ವೇಳೆ ಇಲ್ಲವೇ ಇಲ್ಲವೋ. ಇಲ್ಲದಿದ್ದರೆ ಸಾಕಪ್ಪಾ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಮರುಕ್ಷಣ ಕೆಟ್ಟ ಮನಸ್ಸು ಇನ್ನೊಂದು ಹೇಳುತ್ತಿತ್ತು, ಇದ್ದರೆ ಅದು ರೋಗವೇ ಎಂದು ಊರು ನಂಬುತ್ತದೆ, ನಿನ್ನ ಕೈ ಬಚಾವಾಗುತ್ತದೆ ಎಂದು. ಅಂಥ ಹಂಬಲ ಹುಟ್ಟಿದ ಮನುಷ್ಯ ನಾನು, ಅದನ್ನೂ ಬರೆದುಬಿಡುತ್ತೇನೆ.

ಅವನಿಗೆ ಯಾರ್ಯಾರ ಕೈಲೋ ಹೇಳಿಸಿದೆ. ಹೆಡ್‌ಮಾಸ್ತರರು ಹೋಗಿ ಹೇಳಿದರು, ಚಹಾದಂಗಡಿಯವನು ಹೇಳಿದ, ನೀಲವ್ವತ್ತಿಯ ಕಾಲು ಹಿಡಿದೆ. "ನಾ ಹೇಳಿದ್ರ ನಿನ್ನ ಹೆಸರ ತಗದ ಬೈತಾರೋ, ನಾ ಏನ ಮಾಡ್ಲಿ" ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೆಳಗಾವಿಗೆ ಹೋಗಿ ಡಾಕ್ಟರರನ್ನೇ ಕೇಳಿದೆ. "ಕೈಕಾಲು ಕಟ್ಟಿ ತರಾಕ ಬರೂದಿಲ್ಲಲ್ಲ ಮಾಸ್ತರ" ಅಂದರು. ಮಾವನಿಗೆ ಎದುರಾದರೆ ಅವನು "ನಮಸ್ಕಾರ್ರಿ ಮಾಸ್ತರ" ಎಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರುವರಿಯಲ್ಲಿ ಜನಗಣತಿ ಬಂತು. ಮಾಸ್ತರರಿಗೆಲ್ಲ ಚೀಲ ಮತ್ತು ಫಾರ್ಮು ಕೊಟ್ಟು ಮನೆಮನೆಗೆ ಕಳಿಸಿದರು. ನನ್ನ ಪಾಲಿಗೆ ಗುಂಜಿಯೇ ಬಂತು. ಬಿಸಿಲು ಏರುವ ಕಾಲ, ಒಣಗಿದ ಎಲೆ ತುಳಿಯುತ್ತ ಕಾಡಂಚಿನ ಮನೆಗಳನ್ನೂ ಬಿಡದೆ ತಿರುಗಿದೆ. ಫಾರ್ಮು ತುಂಬುವುದು ಮುಗಿದ ಮೇಲೆ ಸುಮ್ಮನೆ ಒಂದು ಪ್ರಶ್ನೆ ಕೇಳುತ್ತಿದ್ದೆ, ನಿಮ್ಮ ಮನೆಯ ಹಿರಿಯರು ಹೇಗೆ ತೀರಿಕೊಂಡರು? ಒಬ್ಬ ಮರಾಠಿ ಮುದುಕಿ, "ಪೋಟಾತ ದುಖತಂಯ್ ಮ್ಹಣಾಲೆ, ಗೇಲೆ" ಅಂದಳು. ಹೊಟ್ಟೆ ನೋಯುತ್ತದೆ ಅಂದರು, ಹೋದರು, ಅಷ್ಟೇ. ಇನ್ನೊಂದು ಮನೆಯಲ್ಲಿ ಟೊಂಕ ಹಿಡಿಯಿತು ಅಂದರು, ಮತ್ತೊಂದರಲ್ಲಿ ಯಾರೋ ಮಾಟ ಮಾಡಿಸಿದ್ದರು ಅಂದರು. ಅವೆಲ್ಲ ಇದೇ ರೋಗ ಎಂದು ನಾನು ಹೇಳಲಾರೆ. ಅಲ್ಲ ಎಂದು ಹೇಳುವವರೂ ಯಾರೂ ಇಲ್ಲ. ಫಾರ್ಮಿನಲ್ಲಿ ಬದುಕಿದ್ದವರಿಗೆ ಮಾತ್ರ ಜಾಗ ಇತ್ತು.

ಸಿದ್ದಪ್ಪ ಮಾವನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸರಕಾರದ ಚೀಲ ಹೆಗಲಿಗಿದ್ದ ಮನುಷ್ಯನನ್ನು ಅವನು ಹೊರಗೆ ಅಟ್ಟುವ ಹಾಗಿರಲಿಲ್ಲ. ಸರಕಾರಿ ನೌಕರಿ ಮಾಡಿದವನು, ಅದರ ಅಂಜಿಕೆ ಅವನಿಗಿತ್ತು. "ಬರ್ರಿ ಮಾಸ್ತರ, ಕುಂದರ್ರಿ" ಅಂದ. ಮಧ್ಯಾಹ್ನದ ಸೆಕೆಗೆ ಅಂಗಿ ತೆಗೆದು ಪಡಸಾಲೆಯ ಕಂಬಕ್ಕೆ ಒರಗಿದ್ದ.

"ಮನೆಯ ಯಜಮಾನರ ಹೆಸರು?" ಅಂದೆ. ಫಾರ್ಮಿನಲ್ಲಿ ಹಾಗೇ ಇತ್ತು.

"ಐದ ವರ್ಷ ಉಂಡ ಮನಿ. ಹೆಸರ ಗೊತ್ತಿಲ್ಲೇನ್ರಿ?"

ಬರೆದೆ. "ವಯಸ್ಸು?"

"ಅಣ್ಣಗಿಂತ ನಾಕ ವರ್ಷ ಸಣ್ಣಾಂವ. ಅಣ್ಣನ ವಯಸ್ಸ ನಿಮಗ ಗೊತ್ತ ಐತಿ, ಲೆಕ್ಕಾ ಹಾಕ್ಕೋರಿ."

ಅರವತ್ತೆರಡು ಎಂದು ಬರೆದೆ. ಕುಟುಂಬದಲ್ಲಿ ಎಷ್ಟು ಜನ, ಓದು ಬರಹ, ಕೆಲಸ ಒಂದೊಂದೇ ಕೇಳುತ್ತ ಹೋದೆ. ಅವನು ಕಂಬದಿಂದ ಸ್ವಲ್ಪ ಕೆಳಗೆ ಜಾರಿ ಮಲಗಿದ ಹಾಗೆ ಕೂತ. ಬೆನ್ನಿಗೆ ಅಂಟಿದ ಹೊಟ್ಟೆ. ಹೊಕ್ಕಳದ ಮೇಲೆ ಮೂರು ಬೆರಳಿನಷ್ಟು ಅಗಲದ ಜಾಗ ಒಂದೇ ಸಮ ಎದ್ದು ಬೀಳುತ್ತಿತ್ತು. ನನ್ನ ಪೆನ್ನು ನಿಂತಿತು. ಉಸಿರಾಟ ಇರಬಹುದು ಎಂದುಕೊಂಡೆ. ಅವನು ಉಸಿರು ಬಿಡುವ ಒಂದು ಸಲದಲ್ಲಿ ಅದು ಮೂರು ನಾಲ್ಕು ಸಲ ಎದ್ದು ಬಿತ್ತು.

"ಮಾವಾ," ಅಂದೆ, "ನಿನ್ನ ಹೊಟ್ಟಿ ನೋಡ್ಕೊ." ಅವನು ತಕ್ಷಣ ಅಂಗಿ ಎಳೆದುಕೊಂಡ. "ಬರಿಯೂದ ಮುಗೀತಲ್ರಿ? ನಡೀರಿ," ಅಂದ. ಬಾಗಿಲು ಹಾಕಿದ ಸದ್ದು ಕೇಳುತ್ತ ಅಂಗಳದಲ್ಲಿ ನಿಂತೆ. ಅದುವರೆಗೆ ಇರಬಹುದು ಎಂಬ ಭಯ ಮಾತ್ರ ಇತ್ತು. ಈಗ ಕಣ್ಣಾರೆ ಕಂಡಿದ್ದೆ.

ಮರುದಿನವೇ ಬೀಡಿಗೆ ಹೋಗಿ ಗಂಗವ್ವತ್ತಿಗೆ ಹೇಳಿದೆ. ಅವಳು ಎರಡನೇ ಮಾತು ಆಡಲಿಲ್ಲ, ಸೀರೆ ಬದಲಿಸಿ ಹೊರಟಳು. ಖಾನಾಪುರದಲ್ಲಿ ಗುಂಜಿಗೆ ಹೋಗುವ ಪ್ಯಾಸೆಂಜರ್ ಹತ್ತಿದೆವು. ಗಂಡ ಸತ್ತ ಮೇಲೆ ಅವಳು ಮೊದಲ ಸಲ ಊರು ಬಿಟ್ಟು ಹೊರಟಿದ್ದು. ಗಾಡಿಯಲ್ಲಿ ನನ್ನ ಕೈ ಹಿಡಿದು, "ನೀ ಹೆದರಬ್ಯಾಡ, ನಾ ಅವನಿಗೆ ತಿಳಿಸಿ ಹೇಳ್ತೀನಿ. ನಿನ್ನ ಮ್ಯಾಲಿನ ಅಪವಾದಾನೂ ಹೋಗ್ತೈತಿ," ಅಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಅತ್ತಿಗೆಯನ್ನು ಸಿದ್ದಪ್ಪ ಮಾವ ಬಾಗಿಲಲ್ಲಿ ನಿಲ್ಲಿಸಲಾರ. ನನ್ನನ್ನೂ ಒಳಗೆ ಬಿಟ್ಟ. ಅವಳು ಅರ್ಧ ತಾಸು ಹೇಳಿದಳು. ಬೇಡಿಕೊಂಡಳು, ಅತ್ತಳು, ಬೈದಳು. ಅವನು ಎಲ್ಲ ಕೇಳಿ ಕೊನೆಗೆ ಅಂದ, "ವೈನಿ, ನೀವು ಒಳ್ಳೆಯವರು. ನಿಮಗ ತಿಳಿಯಾಂಗಿಲ್ಲ. ಇವಂದು ತಪ್ಪಿಲ್ಲ ಅಂದ್ರ ಅದು ರೋಗ ಆಗಬೇಕು. ರೋಗ ಆಗಬೇಕಾದ್ರ ನನಗೂ ಇರಬೇಕು. ಇಂವ ತನ್ನ ಕೈ ತೊಳಕೊಳ್ಳಾಕ ನನ್ನ ಹೊಟ್ಟಿ ಬೇಕಾಗೈತಿ."

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಅದು ಅಷ್ಟು ನಾಟಿತು. ನಾನು ಎಷ್ಟು ದಿನ ನನ್ನದು ತಪ್ಪಿಲ್ಲ ಅನ್ನುತ್ತೇನೋ ಅಷ್ಟು ದಿನ ಅವನು ನಂಬುವುದಿಲ್ಲ ಎಂದು ಆಗ ತಿಳಿಯಿತು. ಪಕ್ಕದಲ್ಲಿ ಗಂಗವ್ವತ್ತಿ ಕೂತಿದ್ದಳು. ಆ ಊರಿನಲ್ಲಿ, ಆ ಮನೆತನದಲ್ಲಿ ನನಗೆ ಉಳಿದಿದ್ದ ಒಬ್ಬಳೇ ಒಬ್ಬಳು.

"ನಾನ ಕೊಂದೀನಿ ಮಾವಾ," ಅಂದೆ.

ಇಬ್ಬರೂ ತಿರುಗಿ ನೋಡಿದರು. ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯಲಾರೆ ಎಂದು ಒಂದೇ ಉಸಿರಿಗೆ ಹೇಳಿದೆ. "ಆವತ್ತ ಕೈ ಇಟ್ಟ ಕೂಡಲೆ ನನಗ ಗೊತ್ತಾತು. ಅದು ಬಟ್ಟಿ ಆಗಿರಲಿಲ್ಲ. ಎರಡೂ ಕೈ ಬಾಜೂಕ ಇಟ್ರ ಬೆರಳ ಅಗಲಸತಿತ್ತು. ಅಂಥಾದಕ್ಕ ಎಣ್ಣಿ ಹಚ್ಚಬ್ಯಾಡ ಅಂತ ಅಪ್ಪ ಹೇಳಿದ್ದ. ಕಟ್ಟಿ ಮ್ಯಾಲೆ ಮಂದಿ ಕುಂತಿದ್ರು. ಮಾಸ್ತರಗ ತಿಳೀಲಿಲ್ಲ ಅಂತಾರಂತ ಹೇಳಲಿಲ್ಲ. ಗೊತ್ತಿದ್ದೂ ತಿಕ್ಕೀನಿ, ಜೋರ ತಿಕ್ಕೀನಿ. ನನಗ ಏನ ಬೇಕಾದ್ರೂ ಅನ್ನು, ಊರಿಗೆಲ್ಲಾ ಹೇಳು, ನಾ ಇಲ್ಲ ಅನ್ನೂದಿಲ್ಲ. ಆದ್ರ ಆವತ್ತ ನನ್ನ ಕೈಗೆ ಹತ್ತಿದ್ದನ್ನ ನಿನ್ನಿ ನಿನ್ನ ಹೊಟ್ಟ್ಯಾಗ ಕಣ್ಣಿಂದ ನೋಡೀನಿ."

ಗಂಗವ್ವತ್ತಿ ಮತ್ತೆ ನನ್ನ ಕಡೆ ನೋಡಲಿಲ್ಲ. ಎದ್ದು ಸೆರಗು ಹೊದ್ದು ಹೊರಗೆ ಹೋಗಿ ಅಂಗಳದ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ಒಳಗೆ ನೀಲವ್ವತ್ತಿ ಅಳುತ್ತಿದ್ದದ್ದು ಕೇಳಿಸುತ್ತಿತ್ತು.

ಸಿದ್ದಪ್ಪ ಮಾವ ಹೊಡೆಯುತ್ತಾನೆ ಎಂದು ಕಾದೆ. ಅವನು ಅಂಗಿಯ ಗುಂಡಿ ಬಿಚ್ಚಿ ಚಾಪೆಯ ಮೇಲೆ ಮಲಗಿ ಮೊಣಕಾಲು ಮಡಿಸಿದ. ನಾನು ಒಂದು ಹೆಜ್ಜೆ ಮುಂದಿಟ್ಟೆ. "ನೀ ಮುಟ್ಟಬ್ಯಾಡ," ಅಂದ. "ಎಲ್ಲಿ ಇಡಬೇಕು, ಬಾಯಿಲೆ ಹೇಳು."

ನಾನು ಹೇಳಿದೆ. ಹೊಕ್ಕಳದ ಮೇಲೆ, ಎರಡೂ ಕೈ ಎದುರು ಬದುರು, ಬೆರಳ ತುದಿ ಒಂದಕ್ಕೊಂದು ತಾಗುವ ಹಾಗೆ, ಒತ್ತದೆ ಸುಮ್ಮನೆ ಇಡು ಎಂದು. ಮೂವತ್ತೈದು ವರ್ಷ ಹಳಿಯ ಮೇಲೆ ಸುತ್ತಿಗೆ ಹಿಡಿದ ಒರಟು ಬೆರಳುಗಳು. ನಾನು ಅವನ ಕೈ ನೋಡುತ್ತಿದ್ದೆ. ತಾಗಿದ್ದ ತುದಿಗಳು ಬಿಟ್ಟುಕೊಂಡವು, ಕೂಡಿಕೊಂಡವು, ಮತ್ತೆ ಬಿಟ್ಟುಕೊಂಡವು. ಅವನ ಮುಖದಲ್ಲಿದ್ದ ಸಿಟ್ಟು ಹೋಗುತ್ತ ಹೋಗುತ್ತ ಬರೀ ಹೆದರಿಕೆ ಉಳಿಯಿತು. ಅವನು ಕೈ ತೆಗೆಯಲೇ ಇಲ್ಲ.

"ನಾಳಿ ಬೆಳಗಾವಿಗೆ ಮುಂಜಾನಿ ಯಾವ ಗಾಡಿ ಐತಿ?" ಎಂದು ಕೇಳಿದ.

ಸ್ಕ್ಯಾನ್ ನೋಡಿದ ಡಾಕ್ಟರು ಮತ್ತೆ ಊರಿಗೆ ಕಳಿಸಲಿಲ್ಲ. ಉಬ್ಬು ಎಷ್ಟು ದೊಡ್ಡದಾಗಿತ್ತೆಂದರೆ ತಿಂಗಳು ಕಾಯುವ ಮಾತೇ ಇಲ್ಲ ಅಂದರು. ಆದರೆ ಬಿಪಿ ಇಳಿಯಬೇಕು, ಬೀಡಿಯ ಕೆಮ್ಮು ತಗ್ಗಬೇಕು, ಈ ಕೆಲಸ ಗೊತ್ತಿದ್ದ ಸರ್ಜನ್ನರು ಹೊರಗಿನಿಂದ ಬರಬೇಕು. ಹನ್ನೆರಡು ದಿನ ವಾರ್ಡಿನಲ್ಲಿ ಮಲಗಿಸಿದರು. ಭಾರ ಎತ್ತಬೇಡ, ತಿಣುಕಬೇಡ, ಸಿಟ್ಟಿಗೇಳಬೇಡ. ಕಿಟಕಿಯ ಆಚೆ ಯಾರೋ ಬೀಡಿ ಸೇದಿದರೆ ಅವನು ಆ ಕಡೆಗೇ ಮುಖ ತಿರುಗಿಸುತ್ತಿದ್ದ. ಅವನು ಸೀನಿದರೆ ನೀಲವ್ವತ್ತಿ ಹೊಟ್ಟೆಯ ಮೇಲೆ ಸೆರಗು ಹಿಡಿಯುತ್ತಿದ್ದಳು, ಬಟ್ಟೆಯಿಂದ ಅದನ್ನು ತಡೆಯಬಹುದು ಎನ್ನುವ ಹಾಗೆ. ನಾನು ರಜೆ ಹಾಕಿ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದೆ. ಔಷಧ ತರುವುದು, ಚೀಟಿ ಹಿಡಿದು ಓಡಾಡುವುದು ನನ್ನ ಕೆಲಸ. ಒಳಗೆ ಬಾ ಎಂದು ಅವನು ಕರೆಯಲಿಲ್ಲ. ಗಂಗವ್ವತ್ತಿ ಒಂದು ದಿನ ಬಂದು ಮೈದುನನನ್ನು ನೋಡಿ ನನ್ನ ಮುಂದೆಯೇ ಹಾದು ಹೋದಳು. ಬೆಂಚಿನಿಂದ ಎದ್ದು ನಿಂತಿದ್ದೆ, ಹಾಗೇ ನಿಂತುಕೊಂಡೆ.

ಆಪರೇಶನ್ ಆರು ತಾಸು ನಡೆಯಿತು. ಕೆಟ್ಟ ನಾಳವನ್ನು ತೆರೆದು ಅದರ ಜಾಗದಲ್ಲಿ ಬಟ್ಟೆಯಂಥ ನಳಿಗೆ ಹೊಲಿದರು. ಬದುಕುತ್ತಾನೋ ಇಲ್ಲವೋ ಎಂದು ಇನ್ನೂ ಎರಡು ದಿನ ಗೊತ್ತಾಗಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟು ಗಂಜಿ ಕುಡಿದ. ಒಂದು ವಾರದ ಮೇಲೆ, ನೀಲವ್ವತ್ತಿ ಬಟ್ಟೆ ಒಗೆಯಲು ಹೋಗಿದ್ದಾಗ, ನರ್ಸು ಹೊರಗೆ ಬಂದು ಪೇಶಂಟು ಕರೆಯುತ್ತಾರೆ ಅಂದಳು.

ಒಳಗೆ ಹೋದೆ. ಅವನು ಮೇಲೆ ತಿರುಗುವ ಫ್ಯಾನು ನೋಡುತ್ತ ಮಲಗಿದ್ದ. ಬಾಜೂ ಕಾಟು ಖಾಲಿ ಇತ್ತು, ಬಿಳಿ ಚಾದರ ಹಾಸಿದ್ದರು.

"ನಾ ಬದುಕೀನಿ ಅಲ್ಲೇನು?" ಅಂದ.

"ಹೂಂ ಮಾವಾ. ಇನ್ನ ಹೆದರಿಕಿ ಇಲ್ಲ ಅಂದಾರ."

"ಅಣ್ಣಂದೂ ಇದ ಆಗಿತ್ತು?"

"ಇದ ಆಗಿತ್ತು."

"ಹಂಗಾರ ಆವತ್ತ ನೀ ಎಣ್ಣಿ ಬಿಟ್ಟು, ಮಾವಾ ದವಾಖಾನಿಗೆ ನಡಿ ಅಂದಿದ್ರ, ಅಣ್ಣನೂ ಹಿಂಗ ಮಲಗಿರ್ತಿದ್ದ. 'ಬೀಡಿ ಕೊಡೋ' ಅಂತ ನಿನ್ನ ಜೀವಾ ತಿಂತಿದ್ದ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸತ್ತ ಮನುಷ್ಯ ಲೆಕ್ಕ ಸರಿಯಾಯಿತೇ ಎಂದು ಕೇಳಿದ ಹಾಗಿತ್ತು. ಅಂದಿನವರೆಗೆ ನನಗೆ ಡಾಕ್ಟರ ಒಂದು ಮಾತು ಆಸರೆಯಾಗಿತ್ತು, ಹೇಳಾಕ ಬರೂದಿಲ್ಲ, ಹೇಗಿದ್ದರೂ ಒಡೆಯುವುದೇ ಇತ್ತು ಎಂದು. ಒಡೆಯುವುದನ್ನು ತಡೆಯಬಹುದು ಎಂಬುದಕ್ಕೆ ಸಾಕ್ಷಿ ಈಗ ನನ್ನ ಕಣ್ಣ ಮುಂದೆ ಹೊಲಿಗೆ ಹಾಕಿಸಿಕೊಂಡು ಮಲಗಿತ್ತು. ಅದನ್ನು ಉಳಿಸಲು ನಾನೇ ಓಡಾಡಿದ್ದೆ.

ಸಿದ್ದಪ್ಪ ಮಾವ ಆಮೇಲೆ ಒಂಬತ್ತು ವರ್ಷ ಬದುಕಿದ. ಗುಂಜಿಯ ಜನ ಅವನನ್ನು ಉಳಿಸಿದವನು ಮಾಸ್ತರ ಅನ್ನುತ್ತಾರೆ. ಅವನು ದಿನಾ ಸಂಜೆ ಪ್ಲಾಟ್‌ಫಾರ್ಮಿನ ಮೇಲೆ ಗಟ್ಟಿಮುಟ್ಟಾಗಿ ಅಡ್ಡಾಡುವುದು ನನ್ನ ಸಾಲಿಯ ಕಿಟಕಿಯಿಂದ ಕಾಣುತ್ತಿತ್ತು. ಇವನು ಇನ್ನೂ ಇದ್ದಾನೆ ಎಂದು ಮೊದಲು ಜೀವ ತಂಪಾಗುತ್ತಿತ್ತು. ಆಮೇಲೆ ಅವನ ಪಕ್ಕದಲ್ಲಿ ಅಡ್ಡಾಡಬೇಕಿದ್ದವನು ನೆನಪಾಗುತ್ತಿದ್ದ, ನಾನು ಕಿಟಕಿ ಮುಚ್ಚುತ್ತಿದ್ದೆ.